ತಪಕೀರ ಡಬ್ಬಿಯ ಜರಿಗಿಡ

ಅಪ್ಪಾ,

ತೀರ್ಥರೂಪರಿಗೆ ಅಂತ ಶುರು ಮಾಡಿದ ಹಾಳೆಯನ್ನು ಹರಿದು ಹಾಕಿದೆ. ನೀನಿದ್ದಾಗ ಒಂದು ದಿನವೂ ಹಾಗೆ ಕರೆದವಳಲ್ಲ, ಈಗ ಕರೆದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ವಿಷಯ ನಿನ್ನ ಜರಿಗಿಡದ್ದು. ಆಸ್ಪತ್ರೆಯಲ್ಲಿ ನೀನು "ಗಿಡ ಹೆಂಗೈತಿ?" ಅಂತ ಕೇಳಿದಾಗ "ಚಲೋ ಐತಿ" ಅಂದಿದ್ದೆನಲ್ಲ, ಅದು ಸುಳ್ಳು. ಅಷ್ಟೊತ್ತಿಗೆ ಗಿಡ ಸತ್ತು ನಾಲ್ಕು ದಿನವಾಗಿತ್ತು. ನಿನಗೆ ಗೊತ್ತಾಗಿತ್ತಾ? ಗೊತ್ತಾಗಿದ್ದರೆ ಯಾಕೆ ಸುಮ್ಮನಿದ್ದೆ?

ನಿನ್ನ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಕೂಕಟ್‌ಪಲ್ಲಿಯ ಈ ಫ್ಲ್ಯಾಟಿಗೆ ಬಂದ ದಿನ ನೆನಪಾಗುತ್ತದೆ. ಬೀರು, ಟಿವಿ ಎಲ್ಲ ಲಾರಿಯ ಹಿಂದೆ; ನಿನ್ನ ಕುಂಡ ಮಾತ್ರ ಡ್ರೈವರನ ಪಕ್ಕ, ನಿನ್ನ ತೊಡೆಯ ಮೇಲೆ. ಬಟ್ಟೆ ಒಗೆಯುವ ಜಾಗದಲ್ಲಿ, ಬಿಸಿಲೇ ಕಾಣದ ಮೂಲೆಯಲ್ಲಿ ಅದನ್ನಿಟ್ಟೆ. ಹೂ ಬಿಡದ ಗಿಡಕ್ಕೆ ಇಷ್ಟು ಉಪಚಾರವೇ ಅಂತ ನಾನು ನಕ್ಕಿದ್ದೆ. ಒಂದು ಭಾನುವಾರ ಎಲೆಯ ಅಡಿಯಲ್ಲಿ ಸಾಲು ಸಾಲು ಕಂದು ಚುಕ್ಕೆ ಕಂಡು, ಹುಳ ಬಿದ್ದಿದೆ ಅಂತ ಸೋಪಿನ ನೀರಿನಲ್ಲಿ ಒರೆಸಲು ಕೂತೆ. ನೀನು ಓಡಿ ಬಂದೆ. "ಹುಳ ಅಲ್ಲಬೇ ಯವ್ವಾ, ಅದರ ಮಕ್ಕಳವು! ಹೂವಿಲ್ಲ, ಬೀಜಿಲ್ಲ, ಆ ಪುಡಿಯಿಂದನ ಅದರ ವಂಶ ಬೆಳೀಬೇಕು." ಕೇಳಿದೆ, ಮರೆತೆ. ಆಗ ನನ್ನ ತಲೆ ತುಂಬ ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸು, ಆಮೇಲೆ ಮಾದಾಪುರದ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ, ನನ್ನ ತಪ್ಪು ಮಾತ್ರ...

ನೀನು ಆಸ್ಪತ್ರೆ ಸೇರಿದ ಆ ಮೇ ತಿಂಗಳಲ್ಲಿ ಗಿಡ ಸ್ವಲ್ಪ ಬಾಡಿತ್ತು. ಪಾಪ ಅನ್ನಿಸಿತು. ಬಿಸಿಲಿಲ್ಲದೆ ಯಾವ ಗಿಡ ಬದುಕೀತು ಅಂತ ಎತ್ತಿ ಮುಂದಿನ ಬಾಲ್ಕನಿಗೆ ಇಟ್ಟೆ. ಮೂರೇ ದಿನಕ್ಕೆ ಸುಟ್ಟ ಹಪ್ಪಳವಾಯಿತು. ಅದೇ ವಾರ ನೀನು ಹೇಳಿದೆ: "ಮನ್ಯಾಗ ದಿಂಬಿನ ಕೆಳಗ ನನ್ನ ತಪಕೀರ ಡಬ್ಬಿ ಐತಿ, ಜ್ವಾಕಿ." ನಶ್ಯ ಮುಟ್ಟಲೇಬಾರದು ಅಂತ ಡಾಕ್ಟರು ಹೇಳಿದ್ದರು. ನನಗೆ ಸಿಟ್ಟು ಬಂತು. "ಇಷ್ಟಾದ್ರೂ ಚಟ ಬಿಡಂಗಿಲ್ಲೇನಪ್ಪಾ?" ಅಂದೆ. ನೀನು ನಕ್ಕು ಗೋಡೆಯ ಕಡೆ ತಿರುಗಿದೆ. ನಾನು ಮನೆಗೆ ಬಂದು ಡಬ್ಬಿಯನ್ನು ಜೋಳದ ಹಿಟ್ಟಿನ ಡಬ್ಬದ ಹಿಂದೆ ಅಡಗಿಸಿದೆ. ಒಂದು ಮಾತು ಹೇಳಬಾರದಿತ್ತಾ ಅಪ್ಪಾ, ಅದರಲ್ಲೇನಿದೆ ಅಂತ?

ನಿನ್ನ ವರ್ಷದ ಎಡೆಗೆ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಎಲ್ಲ ಇಟ್ಟಾದ ಮೇಲೆ ಅವ್ವ "ಅವರ ಡಬ್ಬೀನೂ ಇಡಬೇ" ಅಂದಳು. ಇಟ್ಟೆ. ಎಡೆ ತೆಗೆದ ಮೇಲೆ ಕಲಬುರಗಿಯಿಂದ ಬಂದಿದ್ದ ನಿನ್ನ ತಂಗಿ, ನಮ್ಮ ಅತ್ತಿ, ಅಣ್ಣನ ಪ್ರಸಾದ ಅಂತ ಒಂದು ಚಿಟಿಕೆ ಏರಿಸಿದರು. ಕಾದರು. ಏನೂ ಆಗಲಿಲ್ಲ. "ಇದೇನ ತಪಕೀರೋ ಮಣ್ಣೋ? ಒಂದು ಸೀನರ ಬರವಲ್ದು!" ಡಬ್ಬಿ ಇಸಿದುಕೊಂಡು ನೋಡಿದರೆ ಪುಡಿಯ ತಳದಲ್ಲಿ ಒಣ ಎಲೆಯ ಚೂರು, ಅದರ ಅಡಿಯಲ್ಲಿ ಅದೇ ಚುಕ್ಕೆಗಳು. ಎಲ್ಲರೂ ನಗುತ್ತಿದ್ದರು, ನನಗೆ ಅಳು ಬಂತು. ಗಿಡದ ವಂಶದಲ್ಲಿ ಒಂದು ಚಿಟಿಕೆ ಅತ್ತಿಯ ಮೂಗಿಗೆ ಹೋಗಿತ್ತು. ಉಳಿದದ್ದು ನನ್ನ ಕೈಯಲ್ಲಿತ್ತು.

ಅದನ್ನು ಬಿತ್ತುವುದು ಹೇಗೆ? ಆಫೀಸಿನ ಊಟದ ಬಿಡುವಿನಲ್ಲಿ ಇಂಟರ್‌ನೆಟ್ ಕೇಳಿದೆ. ಒಬ್ಬ ಬೆಳಕು ಬೇಕು ಅಂತಾನೆ, ಇನ್ನೊಬ್ಬ ಬೇಡ ಅಂತಾನೆ. ಮಣ್ಣು ಬೇಯಿಸಿ ಅನ್ನುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಇಡ್ಲಿ ಪಾತ್ರೆಯಲ್ಲಿ ಮಣ್ಣು ಬೇಯಿಸಿದೆ. ಅವ್ವ ಒಂದು ವಾರ ಇಡ್ಲಿ ಮಾಡಲಿಲ್ಲ. ಮಿಠಾಯಿ ಡಬ್ಬದಲ್ಲಿ ಆ ಮಣ್ಣು ಹಾಕಿ, ಪುಡಿ ಉದುರಿಸಿ, ಮುಚ್ಚಿಟ್ಟು ಕಾದೆ. ಎರಡು ತಿಂಗಳಾದ ಮೇಲೆ ಮಣ್ಣಿನ ಮೇಲೆ ಹಸಿರು ಪದರ ಬಂತು. ಪಾಚಿ, ಕೆಟ್ಟಿತು ಅಂದುಕೊಂಡು ಬಟ್ಟೆ ಒಗೆಯುವ ಜಾಗದಲ್ಲಿ ನೀರು ಹುಯ್ದು ತೊಳೆದುಬಿಟ್ಟೆ. ಮರುದಿನ ಓದಿದೆ: ಜರಿಗಿಡ ಮೊದಲು ಹುಟ್ಟುವುದೇ ಹಾಗೆ, ಪಾಚಿಯ ಹಾಗೆ, ಎಲೆ ಬರುವುದು ಆಮೇಲೆ. ಅಂದರೆ ಒಂದೇ ಗಿಡವನ್ನು ಎರಡನೇ ಸಲ... ಅವ್ವನಿಗೂ ಹೇಳಲಿಲ್ಲ.

ಅದಾಗಿ ಎಷ್ಟೋ ತಿಂಗಳ ಮೇಲೆ, ಹೋದ ವಾರ, ಕೆಳಗಿನ ಮನೆಗೆ ನೀರು ಸೋರುತ್ತದೆ ಅಂತ ನಮ್ಮ ಬಟ್ಟೆ ಒಗೆಯುವ ಜಾಗದ ಗೋಡೆಗೆ ಸಿಮೆಂಟು ಮೆತ್ತಲು ಮೇಸ್ತ್ರಿ ಬಂದ. ಬಕೆಟ್ಟು ಸರಿಸಿದರೆ ಪೈಪಿನ ಬುಡದಲ್ಲಿ, ಒಡೆದ ಇಟ್ಟಿಗೆಯ ಸಂದಿನಲ್ಲಿ, ಬೆರಳುದ್ದದ ನಾಲ್ಕು ಎಲೆ! ಅವನು ಉಳಿ ಎತ್ತಿದ್ದ. ಅಷ್ಟೊತ್ತೂ ತೆಲುಗಿನಲ್ಲಿ ಮಾತಾಡುತ್ತಿದ್ದ ನನಗೆ ಕನ್ನಡವೇ ಬಾಯಿಗೆ ಬಂತು. "ಏ, ನಿಂದರು! ಅದು ನಮ್ಮಪ್ಪನ ಗಿಡ!"

ಅವನು ಬೆರಗಾದ. "ನೀವು ನಮ್ಮ ಕಡ್ಯಾರೇನ್ರಿ ಅಕ್ಕಾರ? ನಮ್ದು ಯಾದಗಿರಿ." ಆಮೇಲೆ ಗಿಡ ನೋಡಿ, "ಅಂಜಬ್ಯಾಡ್ರಿ. ಇಟ್ಟಂಗಿ ಸಮೇತ ಬಿಡಿಸಿ ಕೊಡ್ತೀನಿ" ಅಂದ. ಅರ್ಧ ತಾಸು ಕೂತು ಕೆತ್ತಿ, ಒಂದು ಬೇರೂ ಹರಿಯದ ಹಾಗೆ ನನ್ನ ಕೈಗಿಟ್ಟ.

ಅದು ನಿನ್ನದೇ ಗಿಡವೋ, ಗಾಳಿಗೆ ಬಂದ ಇನ್ನಾವುದೋ, ನನಗೆ ಗೊತ್ತಿಲ್ಲ. ನಿನ್ನನ್ನು ಬಿಟ್ಟರೆ ಕೇಳಲು ಯಾರೂ ಇಲ್ಲ. ಬಿಸಿಲಿಗೆ ಇಡುವವಳು ನಾನೇ ಅಂತ ಮೊದಲೇ ತಿಳಿದು ಪುಡಿ ತೆಗೆದಿಟ್ಟೆಯಾ? ಇಟ್ಟಿಗೆ ಈಗ ನಿನ್ನ ಹಳೆಯ ಕುಂಡದಲ್ಲಿದೆ, ನೀನು ಇಟ್ಟ ಮೂಲೆಯಲ್ಲೇ ಇದೆ. ನೀನು ಕೇಳಿದ್ದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ.

ಚಲೋ ಐತಿ ಅಪ್ಪಾ. ನಾಲ್ಕು ಎಲೆ ಅದಾವ. ಐದನೇದು ಇನ್ನೂ ಸುರುಳಿ ಬಿಚ್ಚಿಲ್ಲ.

ನಿನ್ನ ಮಗಳು