ಕರುವಿನ ಹಿಂದೆ ಓಡುವ ಹುಡುಗಿ

ಜಯನಗರ, ಬೆಂಗಳೂರು–೧೧
ಗುರುವಾರ, ೯-೧೧-೧೯೬೧

ಪ್ರೀತಿಯ ನೀಲಕ್ಕನಿಗೆ,

ನಿನ್ನ ತಂಗಿ ಉಮಾ ಮಾಡುವ ಶರಣಾರ್ಥಿ. ದೀಪಾವಳಿಗೂ ಒಂದು ಕಾಗದ ಹಾಕಲಿಲ್ಲವೆಂದು ದಾವಣಗೆರೆಯಲ್ಲಿ ಕೂತು ಬೈದಿರುತ್ತೀಯ. ಬೈದುಕೋ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲರೂ ಆರೋಗ್ಯವಾಗಿದ್ದೇವೆ. ಮನೆಯಲ್ಲಿ ನೆಮ್ಮದಿ ಮಾತ್ರ ಇಲ್ಲ.

ನಾನು ಚಿತ್ರ ಬರೆದ ಮಕ್ಕಳ ಪುಸ್ತಕಕ್ಕೆ ದಿಲ್ಲಿಯಿಂದ ಬಹುಮಾನ ಬಂದಿದೆ. ತಪ್ಪಿಸಿಕೊಂಡ ಕರುವನ್ನು ಹಿಡಿಯಲು ಒಬ್ಬ ಪುಟ್ಟ ಹುಡುಗಿ ಜರಗನಹಳ್ಳಿಯಿಂದ ಲಾಲ್‌ಬಾಗಿನವರೆಗೂ ಓಡುವ ಕಥೆ. ಬೇಲಿ ಹಾರುತ್ತಾಳೆ, ಕೆರೆ ಏರಿ ಹತ್ತುತ್ತಾಳೆ. ಮುಖ ನಮ್ಮ ಮಂಗಳಾಳದು. ಗುಂಗುರು ಕೂದಲು, ಮುಂದಿನ ಹಲ್ಲಿನ ಸಂದು ಎಲ್ಲ ಅವಳದೇ. ಕಾಲು ಮಾತ್ರ ಅವಳದಲ್ಲ. ಎಳವೆಯಲ್ಲಿ ಬಂದ ಜ್ವರಕ್ಕೆ ಸೊರಗಿಹೋದ ಆ ಕಾಲಿಗೆ ಎಣ್ಣೆ ಹಚ್ಚಿ ನೀವಿದವಳು ನೀನು, ನಿನಗೆ ಹೇಳಬೇಕೆ.

ಪುಸ್ತಕ ಅಚ್ಚು ಹಾಕಿಸಿದ ಗಂಗಾಧರಯ್ಯನವರು ನನ್ನನ್ನು ಒಂದು ಮಾತೂ ಕೇಳದೆ, ಚಿತ್ರದ ಹುಡುಗಿ ನನ್ನ ಮಗಳೇ ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟಿದ್ದಾರೆ. ಭಾನುವಾರ ಫೋಟೋ ತೆಗೆಯುವವರು ಬರುತ್ತಾರಂತೆ. ಹುಡುಗಿ ಮೈದಾನದಲ್ಲಿ ಕರುವಿನ ಹಿಂದೆ ಓಡಬೇಕಂತೆ.

ಮಗುವಿನ ಕಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮನೆಗೆ ಬಂದು, "ತಪ್ಪು ತಿಳ್ಕೋಬೇಡೀಮ್ಮ, ಬೇರೆ ಯಾರ್ದಾದ್ರೂ ಮಗೂನ ಓಡ್ಸೋಣ" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು, "ಪಕ್ಕದ್ಮನೆ ಸೊಣ್ಣಮ್ಮನ ಮೊಮ್ಮಗಳು ಇದಾಳಲ್ಲ, ಇವಳದೇ ವಯಸ್ಸು" ಅನ್ನಬೇಕೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಹೆತ್ತ ಮಗಳನ್ನ ಬಚ್ಚಿಟ್ಟು ಇನ್ನೊಬ್ಬರ ಮಗೂನ ನಮ್ಮದು ಅಂತೀರಾ? ನಾಚ್ಕೆ ಆಗಲ್ವಾ?" ಎಂದು ಬಂದವರೆದುರಿಗೇ ಕೇಳಿಬಿಟ್ಟೆ.

ಇವರು ತಲೆ ತಗ್ಗಿಸಿ, "ಪೇಪರ್ ನೋಡ್ದೋರೆಲ್ಲ ಅಯ್ಯೋ ಪಾಪ ಅಂತಾರೆ ಕಣೆ. ಅದನ್ನ ಅವಳು ಕೇಳ್ಬೇಕಾ?" ಅಂದರು. ಅವರ ಸಂಕಟವೂ ಸುಳ್ಳಲ್ಲ. ಆದರೂ ಅವತ್ತಿನಿಂದ ನಾನು ಮಾತು ಬಿಟ್ಟಿದ್ದೇನೆ.

ಫೋಟೋ ತೆಗೆದರೆ ಮಂಗಳಾಳದೇ ತೆಗೆಯಬೇಕು, ಕಾಲಿಗೆ ಆ ಕಬ್ಬಿಣದ ಪಟ್ಟಿಯ ಬೂಟು ಇದ್ದ ಹಾಗೆಯೇ. ಇಲ್ಲದಿದ್ದರೆ ಫೋಟೋನೂ ಬೇಡ, ಬಹುಮಾನವೂ ಬೇಡ. ನಾಳೆ ಹೋಗಿ ಖಂಡಿತವಾಗಿ ಹೇಳಿ ಬರುತ್ತೇನೆ. ನೀನಾದರೂ ನನ್ನ ಕಡೆ ಇರು ಅಕ್ಕ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳ ಮೇಲೆ ಬಸವಣ್ಣನ ಕೃಪೆ ಇರಲಿ, ಚೆನ್ನಾಗಿ ಉಂಡು ಬೆಳೆಯಲಿ.

ನಿನ್ನ ತಂಗಿ,
ಉಮಾಮಹೇಶ್ವರಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಮಂಗಳಾ ಪುಸ್ತಕ ಹಿಡಿದುಕೊಂಡು ಬಂದಳು. ಅವತ್ತು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. "ಅಪ್ಪನ್ನ ಬೈಬೇಡಮ್ಮ. ಸೊಣ್ಣಜ್ಜಿ ಮೊಮ್ಮಗಳೇ ಓಡ್ಲಿ" ಅಂದಳು. "ಯಾಕೆ ಪುಟ್ಟಾ? ಇದು ನೀನೇ ಅಲ್ವಾ?" ಅಂದೆ. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಪುಟಗಳನ್ನು ತಿರುಗಿಸಿ ತೋರಿಸುತ್ತ, "ನಾನಾಗಿದ್ರೆ ನೀನು ಬೂಟು ಬರೀತಿದ್ದೆ" ಅಂದಳು. ಇವರನ್ನು ಅಷ್ಟು ಬೈದ ನಾನೇ ಎದ್ದು ಹೋಗಿ ಊಟಕ್ಕೆ ಕರೆದೆ ಅಕ್ಕ.