ಅವಳ ಅಳತೆಯ ಅಂಗಿ

ಭಾನುವಾರ, ಮಧ್ಯಾಹ್ನ

ಅಮ್ಮಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಅಪ್ಪ ಈ ಪತ್ರ ಬರೆಸುತ್ತಿದ್ದಾರೆ. ‘ಒಂದೇ ಸಾಲು ಸಾಕು ಮಗಳೇ, ಹೊಟ್ಟೆ ಇಳಿದಿದೆ ಅಂತ ಬರಿ’ ಎಂದು ಹೇಳಿ ಹೊಲಿಗೆ ಅಂಗಡಿಗೆ ಹೋದರು. ಹೊಟ್ಟೆ ಇಳಿದಿದೆ. ಅವರ ಸಾಲು ಮುಗಿಯಿತು. ಇನ್ನು ಮುಂದಿನದು ನನ್ನದು. ಕೂತಲ್ಲಿ ಕೂರಲಾರದವಳು ಕೂತು ಬರೆಯುತ್ತಿದ್ದೇನೆ, ಪೂರ್ತಿ ಓದು.

ಅಪ್ಪನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಮಾರನೇ ದಿನ ನೀನು ಚಿಕ್ಕಮ್ಮನ ಮನೆಯಿಂದ ಆಸ್ಪತ್ರೆಗೆ ಬಂದಿದ್ದೆಯಲ್ಲ. ಸ್ಟೂಲಿದ್ದರೂ ಕೂರಲಿಲ್ಲ. ಮಂಚದ ಪಕ್ಕ ನಿಂತೇ, ‘ಮೊದಲು ಆ ಹೊಟ್ಟೆ ಇಳಿಸ್ರಿ, ನಾನು ಮನೆಗೆ ಬರೋ ಮಾತು ಆಮೇಲೆ’ ಅಂದೆ. ಹೆದರಿಕೆಗೆ ಬಾಯಿಗೆ ಬಂದ ಮಾತು ಎಂದು ನನಗೆ ಗೊತ್ತಾಯಿತು. ಅಪ್ಪ ಅದನ್ನು ಕರಾರು ಅಂದುಕೊಂಡರು.

ಅಂದಿನಿಂದ ಬೆಳಿಗ್ಗೆ ಅರ್ಧ ಲೋಟ ಹಾಲು, ರಾತ್ರಿ ನಾಲ್ಕು ಹೋಳು ಸೌತೆಕಾಯಿ. ಬಡಿಸಲು ಹೋದರೆ, ‘ಅಂಗಡೀಲಿ ಈಗ ತಾನೇ ತಿಂದೆ’ ಎನ್ನುತ್ತಾರೆ. ಆ ಅಂಗಡಿಯಲ್ಲಿ ದಾರ, ಗುಂಡಿ ಬಿಟ್ಟರೆ ತಿನ್ನಲು ಏನಿದೆ ಹೇಳು? ಪಕ್ಕದ ಗಡಿಯಾರ ರಿಪೇರಿಯವರು, ‘ಏನ್ರೀ, ಮದುವೆ ಗಂಡಿನ ಥರ ಆಗ್ಬಿಟ್ರಲ್ಲ!’ ಅಂದರು. ಅಪ್ಪ ನಾಚಿಕೊಂಡು ನಕ್ಕರು. ನಗಲು ಕೆನ್ನೆಯೇ ಉಳಿದಿಲ್ಲ.

ಮೊನ್ನೆ ತಪಾಸಣೆಗೆ ಹೋದೆವು. ಅಪ್ಪ ತೂಕದ ಯಂತ್ರದ ಮೇಲೆ ಬಹುಮಾನ ತೆಗೆದುಕೊಳ್ಳುವವರ ಹಾಗೆ ನಿಂತರು. ಡಾಕ್ಟರಮ್ಮ ಸರಿಯಾಗಿ ಬೈದರು. ‘ಹೀಗೆ ಉಪವಾಸ ಬೀಳಿ ಅಂತ ಯಾರು ಹೇಳಿದ್ದು? ಕರಗ್ತಿರೋದು ಬೊಜ್ಜೊಂದೇ ಅಲ್ಲ, ಮೈಯಲ್ಲಿರೋ ಶಕ್ತೀನೂ. ಏಟು ತಿಂದ ಹೃದಯ ಸುಧಾರಿಸ್ಕೋಬೇಕಲ್ವಾ? ಹೀಗೇ ಇಳಿದ್ರೆ ಮತ್ತೆ ಇಲ್ಲೇ ಬಂದು ಮಲಗ್ತೀರಿ.’ ಅಪ್ಪ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, ‘ಇನ್ನೊಂಚೂರು ಇಳೀಲಿ, ನಿಮ್ಮಮ್ಮ ನೋಡಿದ ತಕ್ಷಣ ಗೊತ್ತಾಗೋ ಹಾಗೆ’ ಅಂದರು. ಅಷ್ಟು ಹೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕೈಹಿಡಿದು ಎಬ್ಬಿಸಿದೆ. ಭಾರವೇ ಇರಲಿಲ್ಲ ಅಮ್ಮಾ.

ಊರವರ ಬಟ್ಟೆಯೆಲ್ಲ ಸಣ್ಣ ಮಾಡಿಕೊಡುತ್ತಾರೆ. ನೀನೇ ಅಳತೆ ತೆಗೆದು ಕತ್ತರಿಸಿಕೊಟ್ಟಿದ್ದ ನೀಲಿ ಅಂಗಿ ಮಾತ್ರ ಗೂಟಕ್ಕೆ ನೇತುಹಾಕಿದಂತೆ ಮೈಮೇಲೆ ಜೋಲಾಡುತ್ತದೆ. ನಾನೇ ಸರಿಮಾಡುತ್ತೇನೆ ಕೊಡಿ ಅಂದರೆ, ‘ಅದು ಅವಳ ಅಳತೆ, ಮುಟ್ಬೇಡ’ ಎಂದರು.

ನಾನು ಶಾಲೆ ಬಿಟ್ಟೆ, ಅಪ್ಪ ನನ್ನ ಪರ ನಿಂತರು, ನೀನು ಹೊರಟುಹೋದೆ. ಮತ್ತೆ ಶಾಲೆಗೆ ಸೇರುತ್ತೇನೆ ಎಂದು ಬರೆದರೆ ನೀನು ನಾಳೆಯೇ ಬರಬಹುದು. ಆದರೆ ಸೇರುವುದಿಲ್ಲ, ಸುಳ್ಳು ಬರೆಯಲಾರೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಬಾ ಎಂದೂ ಕೇಳುತ್ತಿಲ್ಲ. ‘ಊಟ ಮಾಡ್ರಿ’ ಅಂತ ಅವರಿಗೊಂದು ಮಾತು ಹೇಳು, ಸಾಕು. ನನ್ನ ಮಾತು ಕೇಳುವುದಿಲ್ಲ, ಡಾಕ್ಟರಮ್ಮನದೂ ಕೇಳುವುದಿಲ್ಲ. ನಿನ್ನ ಮಾತೊಂದನ್ನೇ ಕೇಳುವುದು. ಕೇಳಿದ್ದಕ್ಕೇ ಹೀಗಾಗಿರುವುದು.

ನಿನ್ನ
ಮೊಂಡಿ

ಇದೊಂದನ್ನು ಬರೆಯಬಾರದು ಅಂದುಕೊಂಡಿದ್ದೆ, ಬಿಟ್ಟರೆ ಅದೂ ಸುಳ್ಳೇ ಆಗುತ್ತದೆ. ಮೊನ್ನೆ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನೂ ಆ ತೂಕದ ಯಂತ್ರ ಹತ್ತಿ ನೋಡಿದೆ. ನಾನೂ ಇಳಿದಿದ್ದೇನೆ. ನನಗೆ ಯಾರೂ ಇಳಿಸು ಅಂದಿರಲಿಲ್ಲ. ಒಬ್ಬಳೇ ತಟ್ಟೆ ಮುಂದೆ ಕೂತರೆ ಊಟ ಸೇರುವುದಿಲ್ಲ, ಅಷ್ಟೆ.