ಮುಚ್ಚಳ ಹಾಕದ ಮಣಿಗಳು

ಮಾರ್ಚ್ 3, ಬೆಳಿಗ್ಗೆ 6.30

ಇರುವೆಗೆ ಇಡುವ ಜೆಲ್ ಮಣಿ ಚೆನ್ನಾಗಿ ಉಬ್ಬಿವೆ. ನಿನ್ನೆ ಸಂಜೆ ಬಕೆಟ್ಟಿನ ತಳದಲ್ಲಿ ಸಕ್ಕರೆ ಹರಳಿನಷ್ಟಿದ್ದ ಜೆಲ್ ಈಗ ಕಡಲೆಕಾಳಿನಷ್ಟು. ಸಕ್ಕರೆ ನೀರು, ಒಂದು ಹನಿ ಔಷಧಿ — ಎಲ್ಲ ಹೀರಿಕೊಂಡಿದೆ. ಔಷಧಿ ಜಾಸ್ತಿಯಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ. ಹದವಾಗಿದ್ದರೆ ಗೂಡಿನವರೆಗೆ ಹೊತ್ತೊಯ್ದು ರಾಣಿಗೂ ಉಣಿಸುತ್ತದೆ. ಹನ್ನೆರಡು ವರ್ಷದಿಂದ ಇದೇ ಕೆಲಸ. ಕೈಗೆ ಗೊತ್ತು, ತಲೆ ಬೇಕಾಗಿಲ್ಲ. ಸದ್ಯಕ್ಕೆ ಅದೇ ಒಳ್ಳೆಯದು.

ನಮ್ಮ ಯಜಮಾನರು ತೀರಿಹೋಗಿ ಇವತ್ತಿಗೆ ಮೂವತ್ತೆಂಟು ದಿನ. "ಒಂದ್ಸಲ ಅತ್ತುಬಿಡೇ" ಅನ್ನುತ್ತಾಳೆ ಅಕ್ಕ, ದಿನಾ ಊಟದ ಡಬ್ಬಿ ಇಡುವಾಗ. ಅಳು ಬರುವುದಿಲ್ಲ. ಹೀಗಿರಬಾರದೇನೋ. ಇದ್ದೇನೆ.

ಅದೇ ದಿನ, ಮಧ್ಯಾಹ್ನ

ಸ್ಕೂಲಿನ ಕಾಂಪೌಂಡಿನಲ್ಲಿ ಮಣಿ ಇಟ್ಟು ಮುಗಿಯಿತು. ಮಕ್ಕಳ ಕಾಲಿಗೆ ಇರುವೆ ಕಚ್ಚುತ್ತಿವೆಯಂತೆ. ಸಂಜೆ ಇಡಬೇಕಾದದ್ದು — ಜೇನ್ನೊಣ ಗೂಡು ಸೇರಿದ ಮೇಲೆ, ಇರುವೆ ಮಾತ್ರ ನುಸುಳುವಂಥ ತೂತಿನ ಮುಚ್ಚಳ ಕವುಚಿ. ಹನ್ನೊಂದಕ್ಕೇ ಇಟ್ಟುಬಂದೆ. ಮುಚ್ಚಳಗಳು ಮನೆಯಲ್ಲೇ ಉಳಿದಿದ್ದವು. ವಾಪಸ್ ಹೋಗಿ ತರುವಷ್ಟು ಮನಸ್ಸಿರಲಿಲ್ಲ. ಬಂದು ಮಲಗಿದೆ. ನಿದ್ದೆ ಬರಲಿಲ್ಲ.

ಮಾರ್ಚ್ 6

ಸ್ಕೂಲಿನ ಗೋಡೆಯಾಚೆಯೇ ಅಕ್ಕನ ಮನೆ. ಹಿತ್ತಲಲ್ಲಿ ಐದು ಜೇನುಪೆಟ್ಟಿಗೆ. ಬೆಳಿಗ್ಗೆ ಫೋನ್ ಮಾಡಿದಳು — "ಬಾರೇ, ಏನಾಗಿದೆ ನೋಡು."

ಪೆಟ್ಟಿಗೆಗಳ ಮುಂದೆ ಸತ್ತ ನೊಣಗಳು. ಗುಡಿಸಿದರೆ ಮೊರ ತುಂಬುವಷ್ಟು. ಜೀವ ಇದ್ದವು ಬೆನ್ನ ಮೇಲೆ ಬಿದ್ದು ಸುತ್ತುತ್ತಿದ್ದವು. ಅಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು.

"ಆ ಸ್ಕೂಲಿನ ಮಾಲಿದೇ ಕೆಲಸ. ಹೂವಿಗೆ ಏನೋ ಹೊಡೆದಿದಾನೆ."

ಹೂಂ ಅಂದೆ. ಯಾಕಂದೆನೋ... ಬಾಯಿ ತಾನಾಗಿ ಅಂದಿತು.

ಸಂಜೆ ಸ್ಕೂಲಿಗೆ ಹೋಗಿ ಉಳಿದ ಮಣಿಗಳನ್ನು ಬಾಚಿ ತಂದೆ. ಕೆಲವಕ್ಕೆ ನೊಣ ಅಂಟಿಕೊಂಡಿದ್ದವು.

ಮಾರ್ಚ್ 11

ಅಕ್ಕ ಹೆಡ್ ಮೇಡಂಗೆ ಮಾಲಿಯ ಮೇಲೆ ದೂರು ಕೊಟ್ಟಿದ್ದಾಳೆ. ನನ್ನ ಮಣಿ ಯಾವಾಗಲೂ ಮುಚ್ಚಳದಡಿ ಇರುತ್ತವೆ ಎಂದು ಎಲ್ಲರ ನಂಬಿಕೆ, ನನ್ನ ಮೇಲೆ ಯಾರಿಗೂ ಅನುಮಾನವಿಲ್ಲ. ಗೇಟಿನ ಹತ್ತಿರ ಮಾಲಿ ತಾತ ಸಿಕ್ಕರು. ಅರವತ್ತು ದಾಟಿದ ಜೀವ.

"ನೀರಿನ ಪೈಪ್ ಬಿಟ್ಟು ನಾನೇನೂ ಮುಟ್ಟಿಲ್ಲಮ್ಮ. ಸೊಳ್ಳೆ ಹೊಡೆಯೋಕೇ ನಂಗೆ ಕೈ ಬರಲ್ಲ ಅಂತ ಮನೇಲಿ ನಗ್ತಾರೆ. ನೀವು ಔಷಧಿ ವಿಷಯ ತಿಳಿದವರು. ಒಂದ್ಮಾತು ಮೇಡಂಗೆ ಹೇಳಿ, ನೀವು ಹೇಳಿದ್ರೆ ಕೇಳ್ತಾರೆ."

"ನೋಡೋಣ ತಾತ."

ನಾಚಿಕೆಯಾಗಬೇಕಿತ್ತು. ಸ್ಕೂಟರ್ ಹತ್ತಿ ಮುಂದಿನ ಕೆಲಸಕ್ಕೆ ಹೋದೆ.

ಮಾರ್ಚ್ 16, ಸಂಜೆ

ಅಕ್ಕನಿಗೆ ಹೇಳಿದೆ. ಡಬ್ಬಿ ತೊಳೆಯುತ್ತಿದ್ದಳು.

"ಇರುವೆಗೆ ಅಂತ ಮಣಿ ಇಟ್ಟಿದ್ದು ನಾನೇ. ಹಗಲಲ್ಲೇ ಇಟ್ಟೆ. ಮುಚ್ಚಳ ಹಾಕಲಿಲ್ಲ. ನಿನ್ನ ನೊಣ ಅದನ್ನೇ ಕುಡಿದಿವೆ."

ನಲ್ಲಿ ನಿಲ್ಲಿಸಿದಳು. ಬೈಯಲಿ ಎಂದು ಕಾದೆ.

"ಇನ್ನೊಬ್ಬರ ಮುಂದೆ ಬಾಯಿ ಬಿಡಬೇಡ. ಲೈಸೆನ್ಸ್ ಹೋದ್ರೆ ಏನ್ಮಾಡ್ತೀಯ? ಆ ಮಾಲೀನ ನೋಡ್ಕೊಳ್ಳೋಕೆ ಮಕ್ಕಳಿದಾರೆ. ನಿನಗೆ ಯಾರಿದಾರೆ?"

"ನೀನಿದ್ದೀಯಲ್ಲ."

"ಅದಕ್ಕೇ ಹೇಳ್ತಿರೋದು."

ಮತ್ತೆ ನಲ್ಲಿ ತಿರುಗಿಸಿದಳು. ಐದು ಪೆಟ್ಟಿಗೆ ಕಳೆದುಕೊಂಡವಳು ಅವಳು. ಕಾಯುತ್ತಿರುವುದು ನನ್ನನ್ನು. ಬೈದಿದ್ದರೆ ಸುಲಭವಿತ್ತು.

ಮಾರ್ಚ್ 17, ಬೆಳಿಗ್ಗೆ 9.10

ತಾತನನ್ನು ಕೆಲಸದಿಂದ ತೆಗೆದಿದ್ದಾರೆ. ಹತ್ತು ಗಂಟೆಗೆ ಶೆಡ್ಡಿನ ಕೀ ಒಪ್ಪಿಸಿ ಹೋಗಬೇಕಂತೆ. ಸ್ಕೂಲ್ ಎದುರು ಸ್ಕೂಟರ್ ಮೇಲೆ ಕೂತಿದ್ದೇನೆ. ಮೇಡಂ ಮುಂದೆ ತಡವರಿಸಬಾರದು. ಇಲ್ಲಿ ಬರೆದು ಬಾಯಿಪಾಠ ಮಾಡಿಕೊಂಡೇ ಒಳಗೆ ಹೋಗುತ್ತೇನೆ.

ಮೇಡಂ, ತಾತನದ್ದು ಏನೂ ತಪ್ಪಿಲ್ಲ. ನನ್ನ ಗಂಡ ತೀರಿಹೋಗಿ ಆಗಿನ್ನೂ —

ಬೇಡ. ಹೊಡೆದುಹಾಕಿದೆ. ಅವರನ್ನು ಇದಕ್ಕೆ ಎಳೆಯಬಾರದು.

ತಾತ ಬರುತ್ತಿದ್ದಾರೆ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದಾರೆ.

ಮೇಡಂ, ಆ ಮಣಿ ಇಟ್ಟವಳು ನಾನು.